ತನ್ನದು ಮತ್ತು ಪರರದು

ಬ್ಯಾಡಗಿ ಎಂದೊಡನೆ ಯಾರಿಗಾದರೂ ಮೊದಲು ನೆನಪಾಗುವುದು ಮೆಣಸಿನಕಾಯಿ. ಮಾಗಿಯ ದಿನಗಳಲ್ಲಿ ಊರ ಹೊರಗಿನ ಬಯಲು ಕೆಂಪು ಜಮಖಾನೆ ಹಾಸಿದಂತೆ ಕಾಣುತ್ತದೆ. ಪೇಟೆಯೊಳಗೆ ಕಾಲಿಟ್ಟ ಹೊಸಬನು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ನಾಲ್ಕು ಸಲ ಸೀನುತ್ತಾನೆ. ಅಲ್ಲಿಯೇ ಹುಟ್ಟಿ ಬೆಳೆದ ನಮಗೆ ಆ ಘಾಟು ಗಾಳಿಯಷ್ಟೇ ಸಹಜವಾಗಿತ್ತು. ಆದರೆ ಆ ಕೆಂಪು ರಾಶಿಗಳನ್ನು ಕಂಡಾಗಲೆಲ್ಲ ನನ್ನ ಮನಸ್ಸಿನಲ್ಲಿ ಇನ್ನೊಂದು ನೆನಪೂ ಏಳುತ್ತದೆ.

1969ರ ಮಾಗಿ. ನನಗಾಗ ಹತ್ತು ವರ್ಷ, ಅಕ್ಕನಿಗೆ ಹದಿನಾಲ್ಕು. ತಂದೆಯವರು ಮೆಣಸಿನಕಾಯಿ ಅಡತಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಸುಗ್ಗಿಯ ಕಾಲವಾದ್ದರಿಂದ ಅವರು ಬೆಳಗು ಹರಿಯುವ ಮೊದಲೇ ಹೊರಡಬೇಕಾಗಿತ್ತು. ಒಂದು ದಿನ ಅವರಿಗೆ ಚಹ ಕಾಯಿಸಲೆಂದು ತಾಯಿ ಅಕ್ಕನನ್ನು ಎಬ್ಬಿಸಿ, “ಸ್ಟೋವ್ ಹಚ್ಚವಾ” ಎಂದಳು. ಮರುಗಳಿಗೆಯಲ್ಲಿ ಅಡುಗೆಮನೆಯಿಂದ ಚೀತ್ಕಾರ ಕೇಳಿಸಿತು. ಸೀಮೆಎಣ್ಣೆ ಭಗ್ಗನೆ ಹೊತ್ತಿಕೊಂಡು, ಬಲತೋಳಿನಿಂದ ಕುತ್ತಿಗೆಯವರೆಗೆ ಅಕ್ಕನ ಮೈ ಬೆಂದುಹೋಗಿತ್ತು.

ದೂರದ ನಗರದ ಆಸ್ಪತ್ರೆಯಲ್ಲಿ ಅವಳು ಎರಡು ತಿಂಗಳಿಗೂ ಮಿಕ್ಕಿ ಮಲಗಿದ್ದಳು. ಗಾಯ ತಾನಾಗಿ ಮುಚ್ಚುವ ಲಕ್ಷಣ ಕಾಣಲಿಲ್ಲ. ಹೊಸ ಚರ್ಮವನ್ನು ತಂದು ಹಚ್ಚಬೇಕು ಎಂದು ವೈದ್ಯರು ತಿಳಿಸಿದರು. ಆ ಮಾತು ಮುಗಿಯುವ ಮೊದಲೇ ತಾಯಿ ತನ್ನ ಸೆರಗನ್ನು ಸರಿಸಿ ತೋಳನ್ನು ಮುಂದೆ ಚಾಚಿದಳು. “ನನ್ನ ಚರ್ಮಾ ತಗೀರಿ ಸಾಹೇಬ್ರ. ಎಷ್ಟು ಬೇಕೋ ಅಷ್ಟು ತಗೀರಿ.”

ವೈದ್ಯರು ಒರಟು ಸ್ವಭಾವದವರಲ್ಲ. ಆದರೆ ಅವರಿಗೆ ಬಿಡುವಿರಲಿಲ್ಲ. “ನಿಮ್ಮದು ಆಗೋದಿಲ್ಲಮ್ಮ. ಆಕೀ ಚರ್ಮಾನ ಬೇಕು. ಬ್ಯಾರೇದವರದು ಹತ್ತೋದಿಲ್ಲ” ಎಂದಷ್ಟೇ ಹೇಳಿ ಮುಂದಿನ ಮಂಚದತ್ತ ನಡೆದರು.

‘ಬೇರೆಯವರು’ ಎಂಬ ಆ ಒಂದು ಪದ ತಾಯಿಯ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಅಕ್ಕನ ತೊಡೆಯ ಚರ್ಮವನ್ನೇ ತೆಳುವಾಗಿ ತೆಗೆದು ಗಾಯಕ್ಕೆ ಹಚ್ಚಿದರು. ಅದು ಹತ್ತಿತು, ಅಕ್ಕ ಬದುಕಿದಳು. ಆದರೆ ಬಲಗೈ ಮೊಣಕೈಯಲ್ಲಿ ಬಾಗಿದ್ದು ಮತ್ತೆ ನೆಟ್ಟಗಾಗಲಿಲ್ಲ. ತಾಯಿ ಯಾರೊಡನೆಯೂ ಹೆಚ್ಚು ಮಾತನಾಡುತ್ತಿರಲಿಲ್ಲ. ಒಮ್ಮೆ ಮಾತ್ರ ನೆರೆಮನೆಯವಳ ಮುಂದೆ, “ಹೊತ್ತು ಹೆತ್ತಾಕಿ ನಾನು. ನನ್ನ ಚರ್ಮಾ ಆಕಿಗೆ ಬ್ಯಾರೇ ಆತಂತ” ಎಂದು ಕಣ್ಣೊರೆಸಿಕೊಂಡದ್ದನ್ನು ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿದ್ದೆ.

ಆ ಮಾತು ನನಗೂ ಒಗಟಾಗಿತ್ತು. ನಮ್ಮ ಸೋದರಮಾವನ ತೋಟದಲ್ಲಿ ಕಾಡುಮಾವಿನ ಸಸಿಗೆ ಒಳ್ಳೆಯ ಜಾತಿಯ ಮಾವಿನ ಕೊಂಬೆಯನ್ನು ಕಸಿಕಟ್ಟುವುದನ್ನು ನಾನು ನೋಡಿದ್ದೆ. ಬಾಳೆನಾರಿನಿಂದ ಬಿಗಿದು ಬಿಟ್ಟರೆ ಕೆಲವು ವಾರಗಳಲ್ಲಿ ಎರಡೂ ಒಂದಾಗಿ ಚಿಗುರುತ್ತಿದ್ದವು. ಒಂದು ಮರದ ಕೊಂಬೆ ಇನ್ನೊಂದು ಮರಕ್ಕೆ ಹತ್ತುವುದಾದರೆ ತಾಯಿಯ ಚರ್ಮ ಮಗಳಿಗೇಕೆ ಹತ್ತಬಾರದು? ಈ ಪ್ರಶ್ನೆಯನ್ನು ಯಾರನ್ನು ಕೇಳಬೇಕೆಂಬುದೂ ನನಗೆ ತಿಳಿದಿರಲಿಲ್ಲ.

ನಾನು ಮುಂದೆ ಕನ್ನಡ ಎಂ.ಎ. ಮುಗಿಸಿ ರಾಣೇಬೆನ್ನೂರಿನ ಪ್ರೌಢಶಾಲೆಯೊಂದರಲ್ಲಿ ಅಧ್ಯಾಪಕನಾದೆ. ಹಳಗನ್ನಡ ಕಾವ್ಯ, ಛಂದಸ್ಸು, ವ್ಯಾಕರಣಗಳ ನಡುವೆ ಬಾಲ್ಯದ ಆ ಪ್ರಶ್ನೆ ಎಲ್ಲಿಯೋ ಹುದುಗಿಹೋಯಿತು. ಅದನ್ನು ಮತ್ತೆ ಎಬ್ಬಿಸಿದವರು ನಮ್ಮ ವಿಜ್ಞಾನದ ಮಾಸ್ತರರು. ಅವರು ಒಕ್ಕಲುತನದ ಮನೆಯವರು. ಓದಿನ ಹುಚ್ಚು ಬಹಳ. 1987ರ ಅಕ್ಟೋಬರ್ ತಿಂಗಳಲ್ಲಿ ಒಂದು ದಿನ ಅಧ್ಯಾಪಕರ ಕೊಠಡಿಯಲ್ಲಿ ಇಂಗ್ಲಿಷ್ ಪತ್ರಿಕೆಯನ್ನು ಮಡಿಸಿಟ್ಟು, “ದೊಡ್ಡ ಮನುಷ್ಯನೊಬ್ಬ ಹೋಗಿಬಿಟ್ಟ” ಎಂದರು. ಯಾರೆಂದು ಕೇಳಿದೆ. “ಪೀಟರ್ ಮೆಡವಾರ್. ಒಬ್ಬರ ಚರ್ಮ ಇನ್ನೊಬ್ಬರಿಗೆ ಯಾಕೆ ಹತ್ತುವುದಿಲ್ಲ ಎಂಬುದನ್ನು ಕಂಡುಹಿಡಿದವನು” ಎಂದರು.

ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬಿದ್ದಿತು. ಅಂದು ಸಂಜೆ ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಅಲ್ಲಿಯೇ ಕುಳಿತೆವು. ಅವರು ಹೇಳಿದ್ದನ್ನೂ ಆಮೇಲೆ ನಾನೇ ಓದಿ ತಿಳಿದುಕೊಂಡದ್ದನ್ನೂ ಕೂಡಿಸಿ ಇಲ್ಲಿ ಹೇಳುತ್ತೇನೆ.

ತನ್ನ ಚರ್ಮ ತನಗೆ ಹತ್ತುತ್ತದೆ ಎಂಬುದು ನಮ್ಮ ದೇಶದವರಿಗೆ ಹಳೆಯ ಸಂಗತಿ. ಸುಶ್ರುತನ ಗ್ರಂಥದಲ್ಲಿಯೇ ಕತ್ತರಿಸಿದ ಮೂಗನ್ನು ಸರಿಪಡಿಸುವ ವಿಧಾನ ಉಂಟು. ಟಿಪ್ಪು ಸುಲ್ತಾನನಿಗೂ ಇಂಗ್ಲಿಷರಿಗೂ ನಡೆದ 1792ರ ಯುದ್ಧದಲ್ಲಿ, ಇಂಗ್ಲಿಷ್ ಸೈನ್ಯದ ಎತ್ತಿನ ಬಂಡಿ ಹೊಡೆಯುತ್ತಿದ್ದ ಕವಾಸಜಿ ಎಂಬವನು ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡನು. ಅವನ ಹಣೆಯ ಚರ್ಮವನ್ನೇ ಕೆಳಗಿಳಿಸಿ ಪುಣೆಯಲ್ಲಿ ಹೊಸ ಮೂಗನ್ನು ಮಾಡಿದರು. ಈ ಸುದ್ದಿ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಚಿತ್ರಸಹಿತವಾಗಿ ಪ್ರಕಟವಾಗಿ ಯೂರೋಪಿನ ವೈದ್ಯರನ್ನು ಬೆರಗುಗೊಳಿಸಿತು. ಆದರೆ ಪರರ ಚರ್ಮ ನಿಲ್ಲದಿರುವುದೇಕೆ ಎಂಬುದಕ್ಕೆ ಮುಂದಿನ 150 ವರ್ಷಗಳವರೆಗೂ ಯಾರಲ್ಲಿಯೂ ಖಚಿತವಾದ ಉತ್ತರವಿರಲಿಲ್ಲ.

ಮೆಡವಾರ್ ಹುಟ್ಟಿದ್ದು 1915ರ ಫೆಬ್ರವರಿ 28ರಂದು, ಬ್ರೆಜಿಲ್ ದೇಶದಲ್ಲಿ. ತಂದೆ ಲೆಬನಾನ್ ಮೂಲದವನು. ತಾಯಿ ಇಂಗ್ಲಿಷ್ ಮಹಿಳೆ. ಇಂಗ್ಲೆಂಡಿನಲ್ಲಿ ಬೆಳೆದು, ಆಕ್ಸ್‌ಫರ್ಡಿನಲ್ಲಿ ಪ್ರಾಣಿಶಾಸ್ತ್ರವನ್ನು ಅಭ್ಯಾಸ ಮಾಡಿ, ಅಲ್ಲಿಯೇ ಸಂಶೋಧನೆಯಲ್ಲಿ ತೊಡಗಿದನು. 1940ರಲ್ಲಿ, ಎರಡನೆಯ ಮಹಾಯುದ್ಧದ ಕಾಲ, ಅವನ ಮನೆಯ ಸಮೀಪದಲ್ಲಿಯೇ ಒಂದು ಯುದ್ಧವಿಮಾನ ಉರುಳಿಬಿದ್ದಿತು. ಅದರಲ್ಲಿದ್ದ ತರುಣ ಸೈನಿಕನ ಮೈ ಬಹುಪಾಲು ಸುಟ್ಟುಹೋಗಿತ್ತು. ಈ ಗಾಯವನ್ನು ಮುಚ್ಚಲು ಏನಾದರೂ ಉಪಾಯವಿದೆಯೇ ಎಂದು ವೈದ್ಯರು ಮೆಡವಾರನನ್ನು ಕೇಳಿದರು. ಅವನಿಗೆ ಆಗ ಇಪ್ಪತ್ತೈದು ವರ್ಷ. ಅವನು ವೈದ್ಯನಲ್ಲ, ಅವನ ಬಳಿ ಉತ್ತರವೂ ಇರಲಿಲ್ಲ. ಆದರೆ ಅದುವರೆಗೆ ಪ್ರಯೋಗಶಾಲೆಯ ಕುತೂಹಲವಾಗಿದ್ದ ವಿಜ್ಞಾನವು ಆ ರೋಗಿಯ ಮಂಚದ ಬಳಿ ಅವನ ಪಾಲಿಗೆ ಹೊಣೆಗಾರಿಕೆಯಾಗಿ ಪರಿಣಮಿಸಿತು.

ಅವನು ಗ್ಲಾಸ್ಗೋ ನಗರದ ಆಸ್ಪತ್ರೆಯ ಸುಟ್ಟಗಾಯಗಳ ವಿಭಾಗಕ್ಕೆ ಹೋಗಿ ಟಾಮ್ ಗಿಬ್ಸನ್ ಎಂಬ ಶಸ್ತ್ರವೈದ್ಯನೊಡನೆ ಕೆಲಸ ಮಾಡಿದನು. ಅಲ್ಲಿ ಬೆಂಕಿಯಿಂದ ಸುಟ್ಟುಹೋದ ತರುಣಿಯೊಬ್ಬಳಿದ್ದಳು. ಅವಳದೇ ಚರ್ಮದ ಚೂರುಗಳ ಜೊತೆಗೆ ಅವಳ ಸಹೋದರನ ಚರ್ಮದ ಚೂರುಗಳನ್ನೂ ಹಚ್ಚಿದರು. ಅವಳದು ಉಳಿಯಿತು. ಸಹೋದರನದು ಕೆಲವು ದಿನ ಚೆನ್ನಾಗಿಯೇ ಹತ್ತಿಕೊಂಡಂತೆ ಕಂಡು ಬಳಿಕ ನಶಿಸಿತು. ಮತ್ತೊಮ್ಮೆ ಅದೇ ಸಹೋದರನ ಚರ್ಮವನ್ನು ಹಚ್ಚಿದಾಗ ಅದು ಮೊದಲಿನದಕ್ಕಿಂತ ಬೇಗನೆ ನಾಶವಾಯಿತು.

ಬೇರೆಯವರು ಇದನ್ನು ಸೋಲು ಎಂದುಕೊಂಡು ಸುಮ್ಮನಾಗಬಹುದಾಗಿತ್ತು. ಮೆಡವಾರ್ ಹಾಗೆ ಸುಮ್ಮನಾಗಲಿಲ್ಲ. ಎರಡನೆಯ ಸಲ ಬೇಗ ನಾಶವಾಯಿತೆಂದರೆ ದೇಹಕ್ಕೆ ಮೊದಲನೆಯದು ನೆನಪಿದೆ ಎಂದಾಯಿತಲ್ಲವೇ? ಒಮ್ಮೆ ದಡಾರ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬಾರದು. ದೇಹವು ರೋಗಾಣುವನ್ನು ನೆನಪಿಟ್ಟುಕೊಂಡು ಮರುಭೇಟಿಯಲ್ಲಿ ಕೂಡಲೇ ಎದುರಿಸುತ್ತದೆ. ಪರರ ಚರ್ಮವನ್ನು ಹೊರದೂಡುವುದೂ ಅದೇ ರಕ್ಷಣಾವ್ಯವಸ್ಥೆ ಎಂದು ಅವನು ಊಹಿಸಿದನು. ಗಿಬ್ಸನ್ನನೊಡನೆ ಈ ಸಂಗತಿಯನ್ನು 1943ರಲ್ಲಿ ಪ್ರಕಟಿಸಿದನು. ಬಳಿಕ ಆಕ್ಸ್‌ಫರ್ಡಿಗೆ ಮರಳಿ ಮೊಲಗಳ ಮೇಲೆ ಪ್ರಯೋಗ ಆರಂಭಿಸಿದನು. 25 ಮೊಲಗಳನ್ನು ತೆಗೆದುಕೊಂಡು, ಪ್ರತಿಯೊಂದರ ಚರ್ಮವನ್ನು ಅದಕ್ಕೇ ಮತ್ತು ಉಳಿದ ಪ್ರತಿಯೊಂದಕ್ಕೂ ಹಚ್ಚುತ್ತ 625 ಕಸಿಗಳನ್ನು ಮಾಡಿದನೆಂದು ಹೇಳುತ್ತಾರೆ. ಪ್ರತಿಯೊಂದನ್ನೂ ದಿನದಿನವೂ ಪರೀಕ್ಷಿಸಿ ಗುರುತು ಹಾಕಬೇಕಾಗಿತ್ತು. ಒಂದು ಊಹೆಯನ್ನು ಸತ್ಯವೆಂದು ಸ್ಥಾಪಿಸಲು ಎಷ್ಟು ದುಡಿಮೆ ಬೇಕೆಂಬುದನ್ನು ಈ ಸಂಖ್ಯೆ ಹೇಳುತ್ತದೆ.

ಈ ರಕ್ಷಣಾವ್ಯವಸ್ಥೆಯನ್ನು ಊರ ಕಾವಲುಗಾರನಿಗೆ ಹೋಲಿಸಬಹುದು. ನಮ್ಮ ಜೀವಕೋಶಗಳ ಮೈಮೇಲೆ ನಮ್ಮವೇ ಆದ ಗುರುತುಗಳಿರುತ್ತವೆ. ಲಿಂಫೋಸೈಟ್ ಎಂಬ ಬಿಳಿಯ ರಕ್ತಕಣಗಳು ಆ ಗುರುತುಗಳನ್ನು ಪರೀಕ್ಷಿಸುತ್ತ ತಿರುಗುತ್ತವೆ. ಅಪರಿಚಿತವಾದ ಗುರುತು ಕಂಡರೆ ಅದು ರೋಗಾಣುವಿನದೋ, ಪ್ರಾಣ ಉಳಿಸಲು ಬಂದ ಚರ್ಮದ್ದೋ ಎಂಬ ಭೇದ ಅವಕ್ಕೆ ತಿಳಿಯದು. ಮಗುವಿನ ಗುರುತುಗಳಲ್ಲಿ ಅರ್ಧ ತಾಯಿಯಿಂದ ಬಂದರೆ ಇನ್ನರ್ಧ ತಂದೆಯಿಂದ ಬಂದಿರುತ್ತದೆ. ಆದ್ದರಿಂದ ತಾಯಿಯ ಚರ್ಮದಲ್ಲಿಯೂ ಮಗಳಲ್ಲಿಲ್ಲದ ಗುರುತುಗಳು ಉಳಿದಿರುತ್ತವೆ. ಕಾವಲುಗಾರನಿಗೆ ಅಷ್ಟೇ ಸಾಕು. ಮರಗಿಡಗಳಿಗೆ ಹೀಗೆ ರಕ್ತದಲ್ಲಿ ತಿರುಗಾಡುವ ಕಾವಲುಗಾರರಿಲ್ಲ. ಆದುದರಿಂದಲೇ ಮಾವಿಗೆ ಮಾವು ಹತ್ತುತ್ತದೆ.

ಇಷ್ಟರಲ್ಲಿಯೇ ಕಥೆ ಮುಗಿದಿದ್ದರೆ ಅದು ನಿರಾಶೆಯ ಕಥೆಯಾಗುತ್ತಿತ್ತು. ಮುಂದಿನ ಬಾಗಿಲನ್ನು ತೆರೆದದ್ದು ದನದ ಕರುಗಳು. ಇಲ್ಲಿಗೆ ಬಂದಾಗ ನಮ್ಮ ವಿಜ್ಞಾನದ ಮಾಸ್ತರರ ಮುಖ ಅರಳಿತು. “ನಮ್ಮಪ್ಪ ಹಾವೇರಿ ದನದ ಸಂತಿಯಾಗ ಜೋಡಿ ಕರು ಹುಟ್ಟಿದ್ದರ ಬಗ್ಗೆ ಬಹಳ ವಿಚಾರ ಮಾಡಾಂವ. ಹೋರಿಗರದ ಜೋಡಿ ಹುಟ್ಟಿದ ಮಣಕ ಗಬ್ಬ ಆಗೋದಿಲ್ಲ ಅಂತಿದ್ದ” ಎಂದರು. ಒಕ್ಕಲಿಗನಿಗೆ ಅನುಭವದಿಂದ ತಿಳಿದ ಈ ಮಾತಿನ ಹಿಂದೆಯೇ ವಿಜ್ಞಾನದ ರಹಸ್ಯವೂ ಅಡಗಿತ್ತು.

1947ರಲ್ಲಿ ಮೆಡವಾರ್ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದನು. ಮರುವರ್ಷ ಸ್ಟಾಕ್‌ಹೋಮಿನಲ್ಲಿ ನಡೆದ ಸಮ್ಮೇಳನದಲ್ಲಿ, ಅವಳಿ ಕರುಗಳಲ್ಲಿ ಒಂದೇ ಅಂಡದಿಂದ ಹುಟ್ಟಿದವು ಯಾವುವು, ಬೇರೆ ಬೇರೆ ಅಂಡಗಳಿಂದ ಹುಟ್ಟಿದವು ಯಾವುವು ಎಂದು ಗುರುತಿಸುವ ಬಗೆ ಹೇಗೆಂದು ಒಬ್ಬ ವಿಜ್ಞಾನಿ ಕೇಳಿದನು. “ಅದು ಬಹು ಸುಲಭ, ಒಂದರ ಚರ್ಮವನ್ನು ಇನ್ನೊಂದಕ್ಕೆ ಹಚ್ಚಿ ನೋಡಿದರಾಯಿತು” ಎಂಬರ್ಥದ ಮಾತನ್ನು ಮೆಡವಾರ್ ಆಡಿಬಿಟ್ಟನು. ಕೊಟ್ಟ ಮಾತಿಗಾಗಿ ತನ್ನ ಸಹೋದ್ಯೋಗಿ ರೂಪರ್ಟ್ ಬಿಲ್ಲಿಂಗ್‌ಹ್ಯಾಮನೊಡನೆ ಹಳ್ಳಿಯ ಕೊಟ್ಟಿಗೆಗೆ ಹೋಗಿ ಕರುಗಳಿಗೆ ಚರ್ಮದ ಕಸಿ ಮಾಡಿದನು. ಅವನ ಎಣಿಕೆ ತಲೆಕೆಳಗಾಯಿತು. ಬೇರೆ ಬೇರೆ ಅಂಡಗಳಿಂದ ಹುಟ್ಟಿದ ಅವಳಿಗಳೂ, ಹೋರಿಗರುವೂ ಹೆಣ್ಣುಗರುವೂ, ಒಂದರ ಚರ್ಮವನ್ನು ಇನ್ನೊಂದು ಸ್ವೀಕರಿಸಿದವು!

ಕಾರಣವನ್ನು ಅಮೆರಿಕೆಯ ರೇ ಓವೆನ್ ಎಂಬ ವಿಜ್ಞಾನಿ 1945ರಲ್ಲಿಯೇ ಸೂಚಿಸಿದ್ದನು. ಅವಳಿ ಕರುಗಳು ಗರ್ಭದಲ್ಲಿರುವಾಗ ಅವುಗಳ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಂಡು ಒಂದರ ರಕ್ತಕಣಗಳು ಇನ್ನೊಂದರಲ್ಲಿ ನೆಲೆಸುತ್ತವೆ. ಹೋರಿಗರುವಿನ ರಕ್ತದ ಪ್ರಭಾವದಿಂದಲೇ ಜೊತೆಯ ಮಣಕ ಬಂಜೆಯಾಗುವುದು. ಹೀಗೆ ಗರ್ಭದಲ್ಲಿಯೇ ಬೆರೆತ ಪರಕೀಯ ಕಣಗಳನ್ನು ಮುಂದೆ ದೇಹವು ತನ್ನವೆಂದೇ ಬಗೆಯುತ್ತದೆ. ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್ ಇದರಿಂದ ಒಂದು ದೊಡ್ಡ ತತ್ತ್ವವನ್ನು ಕಲ್ಪಿಸಿದನು. ತನ್ನದು ಯಾವುದು, ಪರರದು ಯಾವುದು ಎಂಬ ತಿಳಿವಳಿಕೆ ಹುಟ್ಟಿನಿಂದಲೇ ಸಿದ್ಧವಾಗಿ ಬಂದದ್ದಲ್ಲ. ದೇಹವು ಅದನ್ನು ಎಳವೆಯಲ್ಲಿ ಕಲಿಯುತ್ತದೆ.

ಕಲಿಯುವುದಾದರೆ ಕಲಿಸಲೂ ಬಹುದಲ್ಲವೇ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಬಂದ ಮೇಲೆ ಮೆಡವಾರ್, ಬಿಲ್ಲಿಂಗ್‌ಹ್ಯಾಮ್ ಮತ್ತು ಲೆಸ್ಲಿ ಬ್ರೆಂಟ್ ಮೂವರೂ ಇದನ್ನು ಪರೀಕ್ಷಿಸಿದರು. ಬ್ರೆಂಟ್ ಜರ್ಮನಿಯ ಯೆಹೂದಿ ಕುಟುಂಬದ ಹುಡುಗ. 1938ರಲ್ಲಿ ನಾಜಿಗಳಿಂದ ಪಾರಾಗಲು ಇತರ ಮಕ್ಕಳೊಡನೆ ಇಂಗ್ಲೆಂಡಿಗೆ ಬಂದವನು. ಹಿಂದೆ ಉಳಿದ ಅವನ ತಂದೆ ತಾಯಿ ಕೊಲೆಗೀಡಾದರು. ‘ಪರಕೀಯ’ ಎಂದು ದೇಶವೊಂದು ಹೊರದೂಡಿದ ಬಾಲಕನು, ಪರಕೀಯವನ್ನು ದೇಹವು ಒಪ್ಪಿಕೊಳ್ಳುವ ಬಗೆಯನ್ನು ಶೋಧಿಸಿದ್ದು ನೆನೆಯತಕ್ಕ ಸಂಗತಿ. ಕಂದುಬಣ್ಣದ ಇಲಿಯ ಗರ್ಭದಲ್ಲಿದ್ದ ಮರಿಗಳಿಗೆ ಬಿಳಿಯ ಇಲಿಯ ಜೀವಕೋಶಗಳನ್ನು ಅವರು ಚುಚ್ಚಿದರು. ಮರಿಗಳು ಹುಟ್ಟಿ ಬೆಳೆದ ಮೇಲೆ ಬಿಳಿ ಇಲಿಯ ಚರ್ಮವನ್ನು ಹಚ್ಚಿದರು. ಅದು ಉದುರಲಿಲ್ಲ. ಕಂದು ಇಲಿಯ ಮೈಮೇಲೆ ಬಿಳಿಯ ಕೂದಲಿನ ತೇಪೆಯೊಂದು ಸೊಂಪಾಗಿ ಬೆಳೆಯಿತು. ಹಚ್ಚಿದ ಚರ್ಮ ತನ್ನ ಗುರುತನ್ನು ಬದಲಿಸಿಕೊಂಡಿರಲಿಲ್ಲ. ಬದಲಾಗಿದ್ದದ್ದು ಸ್ವೀಕರಿಸಿದ ದೇಹ. ಇದಕ್ಕೆ ಅವರು ‘ಗಳಿಸಿದ ಸಹಿಷ್ಣುತೆ’ ಎಂಬರ್ಥದ ಹೆಸರನ್ನಿಟ್ಟು 1953ರ ಅಕ್ಟೋಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

1960ರ ನೊಬೆಲ್ ಪಾರಿತೋಷಕ ಬರ್ನೆಟ್ ಮತ್ತು ಮೆಡವಾರ್ ಇಬ್ಬರಿಗೂ ಸಂದಿತು. ತನಗೆ ಬಂದ ಹಣದಲ್ಲಿ ಮೆಡವಾರ್ ಬಿಲ್ಲಿಂಗ್‌ಹ್ಯಾಮ್ ಮತ್ತು ಬ್ರೆಂಟರಿಗೆ ಪಾಲು ಕೊಟ್ಟನು. ಪಾರಿತೋಷಕದ ಪತ್ರದಲ್ಲಿ ಅವರ ಹೆಸರಿರಲಿಲ್ಲ. ಅವನ ಲೆಕ್ಕದಲ್ಲಿ ಇತ್ತು.

ಈ ಸಂಶೋಧನೆಯಿಂದ ರೋಗಿಗಳಿಗೇನು ಪ್ರಯೋಜನ ಎಂದು ಉಪನ್ಯಾಸವೊಂದರಲ್ಲಿ ಕೇಳಿದಾಗ, ಏನೂ ಇಲ್ಲವೆಂದು ಮೆಡವಾರ್ ಉತ್ತರಿಸಿದನಂತೆ. ಅದನ್ನು ಕೇಳಿ ಕುಳಿತಿದ್ದ ರಾಯ್ ಕಾನ್ ಎಂಬ ತರುಣ ವೈದ್ಯನು ಆ ಉತ್ತರವನ್ನು ಒಪ್ಪದೆ, ಮುಂದೆ ಅಂಗಾಂಗ ಕಸಿಯ ಔಷಧಗಳ ಶೋಧದಲ್ಲಿ ಅಗ್ರಗಣ್ಯನಾದನು. ಅಮೆರಿಕೆಯ ಬಾಸ್ಟನ್ನಿನಲ್ಲಿ 1954ರ ಡಿಸೆಂಬರ್ 23ರಂದು ಜೋಸೆಫ್ ಮರ್ರೆ ಒಬ್ಬನ ಮೂತ್ರಪಿಂಡವನ್ನು ಅವನ ತದ್ರೂಪಿ ಅವಳಿ ಸಹೋದರನಿಗೆ ಜೋಡಿಸಿ ಯಶಸ್ವಿಯಾದನು. ತದ್ರೂಪಿಗಳಲ್ಲದವರಿಗಾಗಿ ಕಾವಲುಗಾರನನ್ನು ತೂಕಡಿಸುವಂತೆ ಮಾಡುವ ಔಷಧಗಳು 1960ರ ದಶಕದಲ್ಲಿ ಬಂದವು. ನಾರ್ವೆಯ ಮಣ್ಣಿನಲ್ಲಿ ದೊರೆತ ಶಿಲೀಂಧ್ರವೊಂದರಿಂದ ಪಡೆದ ಸೈಕ್ಲೋಸ್ಪೋರಿನ್ 1980ರ ದಶಕದಲ್ಲಿ ಬಳಕೆಗೆ ಬಂದು ಆ ಚಿಕಿತ್ಸೆಯ ರೂಪವನ್ನೇ ಬದಲಿಸಿತು. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಮೂತ್ರಪಿಂಡದ ಕಸಿ ಯಶಸ್ವಿಯಾಗಿ ನಡೆಯಿತು. ಮೆಡವಾರ್ ಕೊಟ್ಟದ್ದು ಔಷಧವನ್ನಲ್ಲ. ಆ ಗೋಡೆ ಅಭೇದ್ಯವಲ್ಲ ಎಂಬ ಭರವಸೆಯನ್ನು.

1969ರಲ್ಲಿ, ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಇಗರ್ಜಿಯೊಂದರಲ್ಲಿ ಪಾಠ ಓದುತ್ತಿದ್ದಾಗಲೇ ಮೆಡವಾರನಿಗೆ ಮೆದುಳಿನ ರಕ್ತಸ್ರಾವವಾಗಿ ದೇಹದ ಎಡಭಾಗ ಶಕ್ತಿಗುಂದಿತು. ಅವನು ಕೆಲಸವನ್ನು ಬಿಡಲಿಲ್ಲ. ಹೆಂಡತಿ ಜೀನ್ ನೆರವಿನಿಂದ ಪ್ರಯೋಗಶಾಲೆಗೆ ಹೋಗುತ್ತ, ಪುಸ್ತಕಗಳನ್ನು ಬರೆಯುತ್ತ, 1987ರ ಅಕ್ಟೋಬರ್ 2ರವರೆಗೆ ಬದುಕಿದನು. 1986ರಲ್ಲಿ ಹೊರಬಂದ ಆತ್ಮಕಥೆಯ ಹೆಸರಿನಲ್ಲಿ ತನ್ನನ್ನು ‘ಯೋಚಿಸುವ ಮೂಲಂಗಿ’ ಎಂದು ಕರೆದುಕೊಂಡು ನಕ್ಕವನು ಅವನು. ನಮ್ಮ ಮನೆಗೆ ಬೆಂಕಿಯ ಆಪತ್ತು ಬಂದ ವರ್ಷವೂ ಅದೇ 1969 ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಆ ವಾರದ ರವಿವಾರ ನಾನು ಬ್ಯಾಡಗಿಗೆ ಹೋದೆ. ತಾಯಿ ಪಡಸಾಲೆಯಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಗ್ಲಾಸ್ಗೋದ ಆ ತರುಣಿಯ ಮತ್ತು ಅವಳ ಸಹೋದರನ ಸಂಗತಿಯನ್ನು ತಿಳಿಯುವಂತೆ ಹೇಳಿದೆ. ಅವಳ ಕೈ ನಿಂತಿತು.

“ಒಡಹುಟ್ಟಿದಾಂವಂದೂ ಹತ್ತಲಿಲ್ಲೇನು?”

“ಇಲ್ಲವ್ವ. ಯಾರದೂ ಹತ್ತೋದಿಲ್ಲ. ಜಗತ್ತಿನಾಗ ಯಾವ ತಾಯೀದೂ ಹತ್ತತಿರಲಿಲ್ಲ.”

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಅನಂತರ, “ಒಲಿ ಹಚ್ಚು ಅಂತ ಕಳಿಸಿದಾಕಿ ನಾನ. ಅದಕ್ಕ ದೇವರು ನನ್ನ ಚರ್ಮಾ ಒಲ್ಲೆ ಅಂದ ಅಂತ ತಿಳಕೊಂಡಿದ್ದೆ” ಎಂದಳು. ಹದಿನೆಂಟು ವರ್ಷ ಆಕೆ ಹೊತ್ತಿದ್ದ ಭಾರ ಎಂಥದೆಂದು ನನಗೆ ಅರ್ಥವಾದದ್ದು ಆಗ. ವೈದ್ಯರು ಅಂದು ಎರಡು ಮಾತು ಹೆಚ್ಚಾಗಿ ಹೇಳಿದ್ದರೆ, ಅಥವಾ ನಮ್ಮಲ್ಲಿ ಒಬ್ಬರಿಗಾದರೂ ಇದು ತಿಳಿದಿದ್ದರೆ, ಆ ಭಾರ ಅಂದೇ ಇಳಿಯುತ್ತಿತ್ತು.

ನಾನು ಇನ್ನೊಂದು ಸಂಗತಿಯನ್ನೂ ಹೇಳಿದೆ. ಗರ್ಭದ ಮಗು ಅರ್ಧ ಪರಕೀಯವಾಗಿದ್ದರೂ ತಾಯಿಯ ದೇಹವು ಅದನ್ನು ಒಂಬತ್ತು ತಿಂಗಳು ಹೊರದೂಡದೆ ಕಾಪಾಡುವುದು ಹೇಗೆ ಎಂದು ಮೆಡವಾರ್ 1953ರಲ್ಲಿ ಕೇಳಿದ್ದನು. “ಅದಕ್ಕ ಏನಂದ ಅಂವ?” ಎಂದು ತಾಯಿ ಕೇಳಿದಳು. ಪೂರ್ಣವಾದ ಉತ್ತರ ಇನ್ನೂ ಸಿಕ್ಕಿಲ್ಲವೆಂದೆ. ಆ ದಿನ ಮೊದಲ ಬಾರಿಗೆ ಅವಳ ಮುಖದಲ್ಲಿ ನಗು ಮೂಡಿತು. ಇಂದು ಆ ಪ್ರಶ್ನೆಯ ಬಗ್ಗೆ ಬಹಳಷ್ಟು ತಿಳಿದಿದೆ. ಆದರೂ ಶೋಧ ಮುಗಿದಿಲ್ಲ.

ನಿವೃತ್ತಿಯಾದ ಮೇಲೆ ನಾನು ಹಾವೇರಿಯಲ್ಲಿ ನೆಲೆಸಿದ್ದೇನೆ. ತಾಯಿ ಈಗಿಲ್ಲ, ಅಕ್ಕ ನನ್ನೊಡನೆ ಇದ್ದಾಳೆ. ಈಚೆಗೆ ರಾಣೇಬೆನ್ನೂರಿನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದ. ಮಾತಿನ ನಡುವೆ ಗಡಿಯಾರ ನೋಡಿ, ಕಿಸೆಯಿಂದ ಗುಳಿಗೆಗಳ ಪೊಟ್ಟಣ ತೆಗೆದು ನೀರು ಬೇಡಿದ. ಅವನ ಎರಡೂ ಮೂತ್ರಪಿಂಡಗಳು ಕೆಟ್ಟುಹೋಗಿದ್ದವಂತೆ. ಅವನ ತಾಯಿ ತನ್ನದೊಂದನ್ನು ಕೊಟ್ಟು ಹನ್ನೊಂದು ವರ್ಷಗಳಾಗಿವೆ. “ಗುಳಿಗಿ ಒಂದು ಹೊತ್ತೂ ತಪ್ಪಿಸಂಗಿಲ್ರಿ ಸರ್. ತಪ್ಪಿಸಿದ್ರ ಮೈ ನಮ್ಮವ್ವನ್ನ ಮತ್ತ ಹೊರಗ ಹಾಕತೈತಿ” ಎಂದು ನಕ್ಕ. ಕೊಡುವ ತಾಯಂದಿರಿಲ್ಲದ ರೋಗಿಗಳಿಗಾಗಿ, ಮೆದುಳು ಸತ್ತವರ ಅಂಗಗಳನ್ನು ಅವರ ಮನೆಯವರ ಒಪ್ಪಿಗೆಯಿಂದ ಪಡೆದು ಹಂಚುವ ‘ಜೀವಸಾರ್ಥಕತೆ’ ಎಂಬ ಸಂಸ್ಥೆ ನಮ್ಮ ರಾಜ್ಯದಲ್ಲಿದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ದಾನಿಗಳ ಚರ್ಮವನ್ನು ಕಾದಿಡುವ ಚರ್ಮನಿಧಿಯೂ ಆಗಿದೆ. ಪರರ ಚರ್ಮ ಶಾಶ್ವತವಾಗಿ ನಿಲ್ಲದು. ಆದರೆ ನಿಂತಷ್ಟು ದಿನ ಗಾಯವನ್ನು ಮುಚ್ಚಿ ಜೀವವನ್ನು ಕಾಯುತ್ತದೆ. ನನ್ನ ತಾಯಿ ಚಾಚಿದ ತೋಳು ನಿರರ್ಥಕವಾಗಿರಲಿಲ್ಲ. ಅದಕ್ಕೆ ಕಾಲ ಕೂಡಿಬಂದಿರಲಿಲ್ಲ.

ದೇಹದ ಕಾವಲುಗಾರನಿಗೆ ಪ್ರೀತಿಯ ಗುರುತು ತಿಳಿಯದು. ಅದು ಅವನ ತಪ್ಪಲ್ಲ. ಅವನು ಕಾಯುವುದರಿಂದಲೇ ನಾವು ಬದುಕಿರುವುದು. ಆದರೆ ಅವನಿಗೆ ತಿಳಿಯದ್ದನ್ನು ಮನುಷ್ಯನ ಬುದ್ಧಿ ತಾಳ್ಮೆಯಿಂದ ಕಲಿಸುತ್ತ ಬಂದಿದೆ. ಸುಟ್ಟುಹೋದ ಸೈನಿಕನೊಬ್ಬನ ಮುಂದೆ ನಿರುತ್ತರನಾಗಿ ನಿಂತ ತರುಣನು ಆ ಪ್ರಶ್ನೆಯನ್ನು ಬಿಡದೆ ಹಿಡಿದದ್ದರಿಂದ ಈ ಕಲಿಕೆ ಮೊದಲಾಯಿತು.

ಅಕ್ಕ ಬಾಗಿದ ಕೈಯಿಂದಲೇ ನೀರಿನ ಲೋಟವನ್ನು ತಂದುಕೊಟ್ಟಳು. ಶಿಷ್ಯನು ಗುಳಿಗೆ ನುಂಗಿ, ಅವಳ ಕೈಯನ್ನು ನೋಡಿ, ಏನಾಯಿತೆಂದು ಮೆಲ್ಲಗೆ ಕೇಳಿದನು. ಅಂದು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.